ಕಾರು ಒರಟಾಗಿ ಓಡುತ್ತಿದೆಯೇ? ಸಸ್ಪೆನ್ಷನ್ ಬಿಚ್ಚುವ ಮೊದಲು ಟೈರ್ ನೋಡಿ

"ಕಾರು ತುಂಬಾ ಕುಲುಕುತ್ತೆ" ಎಂದು ಹೇಳಿದರೆ ಬಹಳ ಸಲ ಸಿಗುವ ಉತ್ತರ "ಶಾಕ್ ಅಬ್ಸಾರ್ಬರ್ ಹೋಗಿದೆ, ಬದಲಿಸಿ" ಎನ್ನುವುದೇ. ಹೊಸ ಶಾಕ್ ಹಾಕಿದ ಮೇಲೂ ಕುಲುಕಾಟ ಹಾಗೇ ಇದ್ದರೆ ದುಡ್ಡು ಹೋಯಿತು, ದೋಷ ಉಳಿಯಿತು. ಆದ್ದರಿಂದ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ. ಈ ಒರಟುತನ ಶುರುವಾದದ್ದು ಯಾವಾಗ? ದೊಡ್ಡ ಅಲಾಯ್ ಚಕ್ರ ಹಾಕಿಸಿದ ಮೇಲೆಯೇ? ಟೈರ್ ಬದಲಿಸಿದ ಮೇಲೆಯೇ? ಗಾಳಿ ಹಿಡಿಸಿಕೊಂಡು ಬಂದ ದಿನದಿಂದಲೇ? ಈ ಮೂರರಲ್ಲಿ ಒಂದಕ್ಕೆ ಹೌದು ಎಂದಾದರೆ ಸ್ಪ್ಯಾನರ್ ಕೆಳಗಿಡಿ. ಉತ್ತರ ಚಕ್ರದಲ್ಲೇ ಇರುವ ಸಾಧ್ಯತೆ ಜಾಸ್ತಿ.

ಇದಕ್ಕೆ ಕಾರಣ ಸರಳ. ಟೈರ್ ಕೂಡ ಒಂದು ಸ್ಪ್ರಿಂಗ್. ಚಕ್ರಕ್ಕೂ ಕಾರಿನ ಮೈಗೂ ನಡುವೆ ಇರುವ ಸ್ಪ್ರಿಂಗ್, ಅದರ ತೂಗಾಟ ತಡೆಯುವ ಶಾಕ್ ಅಬ್ಸಾರ್ಬರ್, ಇವೆಲ್ಲ ಸೇರಿ ಸಸ್ಪೆನ್ಷನ್. ಸಾಮಾನ್ಯ ಕಾರಿನಲ್ಲಿ ಟೈರ್ ಆ ಸಸ್ಪೆನ್ಷನ್ ಸ್ಪ್ರಿಂಗ್‌ಗಿಂತ ಹೆಚ್ಚುಕಡಿಮೆ ಏಳರಿಂದ ಹತ್ತು ಪಟ್ಟು ಗಟ್ಟಿ. ಹಾಗಾಗಿ ಎರಡರ ನಡುವೆ ಕೆಲಸ ಹಂಚಿಹೋಗಿದೆ. ಹಂಪ್, ತಗ್ಗು, ರಸ್ತೆಯ ಉದ್ದನೆಯ ಅಲೆ, ಇಂಥ ದೊಡ್ಡ ಮತ್ತು ನಿಧಾನದ ಏರಿಳಿತವನ್ನು ಸಸ್ಪೆನ್ಷನ್ ನುಂಗುತ್ತದೆ. ಬಿರುಕು, ಜಲ್ಲಿಕಲ್ಲು, ತೇಪೆಯ ಅಂಚು, ಸೇತುವೆಯ ಜೋಡು, ಇಂಥ ಸಣ್ಣ ಚೂಪು ಪೆಟ್ಟನ್ನು ಟೈರ್ ನುಂಗಬೇಕು. ಟೈರ್ ಆ ಕೆಲಸ ಮಾಡದಿದ್ದರೆ ಎಷ್ಟೇ ಒಳ್ಳೆಯ ಶಾಕ್ ಇದ್ದರೂ ಆ ಪೆಟ್ಟು ನೇರ ಸೀಟಿಗೆ ಬರುತ್ತದೆ. ಗಾಳಿ ತುಂಬಿದ ಟೈರ್ ಜನಪ್ರಿಯವಾದದ್ದೇ ಈ ಕೆಲಸಕ್ಕಾಗಿ. 1887ರಲ್ಲಿ ಜಾನ್ ಬಾಯ್ಡ್ ಡನ್ಲಪ್ ಅದನ್ನು ಮಾಡಿದ್ದು ತನ್ನ ಮಗನ ಮೂರು ಚಕ್ರದ ಸೈಕಲ್ ಕುಲುಕದಿರಲಿ ಎಂದು.

ಕುಲುಕಾಟ ಯಾವ ಥರದ್ದು?

ಪರಿಚಿತ ರಸ್ತೆಯೊಂದನ್ನು ಆರಿಸಿಕೊಳ್ಳಿ. ಅದರಲ್ಲಿ ಸ್ವಲ್ಪ ಬಿರುಕು ಬಿಟ್ಟ ಭಾಗ, ಒಂದು ಹಂಪ್, ಒಂದು ನುಣುಪಾದ ಉದ್ದನೆಯ ಭಾಗ ಇರಲಿ. ಪ್ರತಿ ಸಲವೂ ಅದೇ ರಸ್ತೆ, ಅದೇ ವೇಗ, ಅಷ್ಟೇ ಜನ. ರಸ್ತೆ ಬದಲಾದರೆ ಹೋಲಿಕೆ ಕೆಡುತ್ತದೆ. ಸಾಧ್ಯವಾದರೆ ಬೇರೊಬ್ಬರು ಓಡಿಸಲಿ, ನೀವು ಪಕ್ಕದಲ್ಲಿ, ಆಮೇಲೆ ಹಿಂದೆ ಕೂತು ನೋಡಿ. ಕೈಯಲ್ಲಿ ಸ್ಟೀರಿಂಗ್ ಇದ್ದಾಗ ಗಮನವೆಲ್ಲ ರಸ್ತೆಯ ಮೇಲಿರುತ್ತದೆ, ದೇಹಕ್ಕೆ ಏನಾಗುತ್ತಿದೆ ಎಂಬುದು ಅರ್ಧ ತಪ್ಪಿಹೋಗುತ್ತದೆ.

ನಿಧಾನ ವೇಗದಲ್ಲೂ ಪ್ರತಿ ಸಣ್ಣ ಬಿರುಕು ಟಪ್ ಟಪ್ ಎಂದು ಗೊತ್ತಾಗುತ್ತಿದೆಯೇ? ರಸ್ತೆಯ ಮೇಲ್ಮೈಯನ್ನು ಸೀಟಿನಲ್ಲೇ ಓದಬಹುದು ಎನ್ನಿಸುತ್ತಿದೆಯೇ? ಆದರೆ ಹಂಪ್ ಮೇಲೆ ಕಾರು ಚೆನ್ನಾಗಿಯೇ ಏರಿ ಇಳಿಯುತ್ತಿದೆಯೇ? ಹಾಗಿದ್ದರೆ ಟೈರ್ ಕಡೆ ನೋಡಿ.

ಹಂಪ್ ದಾಟಿದ ಮೇಲೂ ಕಾರು ಮೇಲೆ ಕೆಳಗೆ ತೂಗುತ್ತಲೇ ಇದ್ದರೆ, ಹೆದ್ದಾರಿಯ ಅಲೆಗಳ ಮೇಲೆ ದೋಣಿಯಂತೆ ತೇಲಿದರೆ, ಶಾಕ್ ಅಬ್ಸಾರ್ಬರ್ ನೋಡಿ. ಒಂದೇ ಮೂಲೆಯಿಂದ ಲೊಟಕ್ ಎಂದು ಸದ್ದು ಬಂದರೆ ಸಸ್ಪೆನ್ಷನ್‌ನ ಜೋಡಣೆಯ ಭಾಗಗಳಾದ ಲಿಂಕ್, ಬುಷ್, ಬಾಲ್ ಜಾಯಿಂಟ್ ಅಥವಾ ಸ್ಟ್ರಟ್ಟಿನ ಮೇಲಿನ ಮೌಂಟ್ ಇರಬಹುದು. ನುಣುಪಾದ ರಸ್ತೆಯಲ್ಲೂ ಒಂದು ನಿರ್ದಿಷ್ಟ ವೇಗದಲ್ಲಿ ಮಾತ್ರ ನಡುಕ ಬಂದರೆ ಅದು ಬೇರೆಯದೇ ದೋಷ. ಅದರ ಬಗ್ಗೆ ಮುಂದೆ ಬರೆದಿದ್ದೇನೆ.

ಮೊದಲ ಪರೀಕ್ಷೆ ಗಾಳಿಯದ್ದು

ಇದಕ್ಕೆ ಖರ್ಚಿಲ್ಲ, ಅದಕ್ಕೇ ಜನ ಇದನ್ನು ಹಗುರವಾಗಿ ತೆಗೆದುಕೊಳ್ಳುತ್ತಾರೆ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ಪರೀಕ್ಷೆ ಇದೇ. ಟೈರಿನ ಗಟ್ಟಿತನದ ಬಹುಪಾಲು ಬರುವುದು ಒಳಗಿನ ಗಾಳಿಯ ಒತ್ತಡದಿಂದ. 32 ಪಿಎಸ್‌ಐ ಇರಬೇಕಾದ ಕಡೆ 40 ಇದ್ದರೆ ಆ ಟೈರ್ ಎಷ್ಟೇ ದಪ್ಪ ಇದ್ದರೂ ಕಲ್ಲಿನಂತೆ ಓಡುತ್ತದೆ.

ಚಾಲಕನ ಬಾಗಿಲು ತೆರೆದರೆ ಅದರ ಚೌಕಟ್ಟಿನ ಕಂಬದ ಮೇಲೆ ಒಂದು ಸ್ಟಿಕ್ಕರ್ ಇರುತ್ತದೆ. ಕೆಲವು ಕಾರುಗಳಲ್ಲಿ ಇಂಧನದ ಮುಚ್ಚಳದ ಒಳಗಿರುತ್ತದೆ. ನಂಬಬೇಕಾದದ್ದು ಅಲ್ಲಿನ ಅಂಕಿಯನ್ನು. ಟೈರಿನ ಬದಿಯಲ್ಲಿ 44 ಅಥವಾ 51 ಪಿಎಸ್‌ಐ ಎಂದು ಅಚ್ಚಾಗಿರುವುದು ಆ ಟೈರ್ ತಡೆಯಬಲ್ಲ ಗರಿಷ್ಠ ಒತ್ತಡ. ಅದನ್ನು ನೋಡಿ ಗಾಳಿ ತುಂಬಿಸಿದರೆ ಕಾರು ಕುಲುಕದೇ ಇನ್ನೇನು ಮಾಡೀತು? ಸ್ಟಿಕ್ಕರ್‌ನಲ್ಲಿ ಎರಡು ಸಾಲು ಇದ್ದರೆ ಗಮನವಿಟ್ಟು ಓದಿ. ಒಂದು ಸಾಲು ಇಬ್ಬರು ಮೂವರು ಕೂತಾಗಿನ ಅಂಕಿ, ಇನ್ನೊಂದು ಐವರು ಮತ್ತು ಪೂರ್ತಿ ಲಗೇಜ್ ಇದ್ದಾಗಿನದು. ಒಬ್ಬರೇ ಓಡಾಡುವ ಕಾರಿಗೆ ವರ್ಷವಿಡೀ ಪೂರ್ತಿ ಭಾರದ ಒತ್ತಡ ಇಟ್ಟಿರುವುದು ಬಹಳ ಕಡೆ ಕಾಣುತ್ತದೆ. ಹಿಂದಿನ ಚಕ್ರಗಳಲ್ಲಿ ಈ ವ್ಯತ್ಯಾಸ ಇನ್ನೂ ದೊಡ್ಡದಿರುತ್ತದೆ. ಹಿಂದೆ ಕೂತವರು ಮಾತ್ರ ದೂರು ಹೇಳುತ್ತಿದ್ದರೆ ಮೊದಲು ಇದನ್ನೇ ನೋಡಿ.

ಅಳೆಯುವುದು ಟೈರ್ ತಣ್ಣಗಿರುವಾಗ. ಅಂದರೆ ಕಾರು ನಿಂತು ಮೂರು ಗಂಟೆಯಾದರೂ ಆಗಿರಬೇಕು. ಓಡಿದ ಮೇಲೆ ಒತ್ತಡ ಮೂರು ನಾಲ್ಕು ಪಿಎಸ್‌ಐ ಏರಿರುತ್ತದೆ. ಆಗ ಅಳೆದು "ಜಾಸ್ತಿ ಇದೆ" ಎಂದು ಗಾಳಿ ಬಿಟ್ಟರೆ ಮರುದಿನ ಬೆಳಗ್ಗೆ ಕಡಿಮೆ ಇರುತ್ತದೆ. ಹವೆಯ ಉಷ್ಣತೆ 10 ಡಿಗ್ರಿ ಸೆಲ್ಸಿಯಸ್ ಬದಲಾದರೂ ಒಂದೆರಡು ಪಿಎಸ್‌ಐ ವ್ಯತ್ಯಾಸ ಬರುತ್ತದೆ. ಒಂದು ಒಳ್ಳೆಯ ಗೇಜ್ ನಿಮ್ಮ ಬಳಿಯೇ ಇರಲಿ. ಬೇರೆ ಬೇರೆ ಕಡೆಯ ಮೀಟರ್‌ಗಳು ಬೇರೆ ಬೇರೆ ಅಂಕಿ ತೋರಿಸುತ್ತವೆ. ಹೋಲಿಕೆಗೆ ಒಂದೇ ಗೇಜ್ ಬೇಕು. ನೈಟ್ರೋಜನ್ ಹಾಕಿಸಿದರೆ ಮೆತ್ತಗಾಗುತ್ತದೆ ಎಂಬ ಮಾತು ನಂಬಬೇಡಿ. ಸಾಮಾನ್ಯ ಗಾಳಿಯಲ್ಲೇ 78 ಶೇಕಡಾ ನೈಟ್ರೋಜನ್ ಇದೆ. ಒತ್ತಡ ಒಂದೇ ಇದ್ದರೆ ಸೀಟಿಗೆ ಬರುವ ಪೆಟ್ಟೂ ಒಂದೇ.

ಹೊಸ ಕಾರಿಗೆ ಇನ್ನೊಂದು ಮಾತು. ಕಾರ್ಖಾನೆಯಿಂದ ಸಾಗಿಸುವಾಗ ಟೈರಿಗೆ ಬೇಕೆಂದೇ ಹೆಚ್ಚು ಗಾಳಿ ಹಾಕಿರುತ್ತಾರೆ. ಕೆಲವು ಕಾರುಗಳ ಸ್ಪ್ರಿಂಗ್ ನಡುವೆ ಸಾಗಣೆಯ ತುಂಡುಗಳನ್ನೂ ಸಿಕ್ಕಿಸಿರುತ್ತಾರೆ. ಗ್ರಾಹಕರ ಕೈಗೆ ಕೊಡುವ ಮೊದಲು ಇವೆರಡನ್ನೂ ಸರಿಪಡಿಸಬೇಕು. ಮರೆತರೆ ಮೊದಲ ದಿನದಿಂದಲೇ ಕಾರು ಒರಟು.

ಒಂದು ಎಚ್ಚರಿಕೆ. ಮೆತ್ತಗಾಗಲಿ ಎಂದು ಸ್ಟಿಕ್ಕರ್ ಅಂಕಿಗಿಂತ ಕೆಳಗೆ ಇಳಿಸಬೇಡಿ. ಟೈರ್ ಬಿಸಿಯಾಗುತ್ತದೆ, ಅಂಚು ಸವೆಯುತ್ತದೆ. ಗುಂಡಿಗೆ ಬಿದ್ದಾಗ ರಿಮ್, ಅಂದರೆ ಟೈರ್ ಕೂರುವ ಲೋಹದ ಚಕ್ರ, ನೇರ ನೆಲಕ್ಕೆ ಬಡಿಯುತ್ತದೆ. ತೆಳು ಟೈರಿನಲ್ಲಿ ಗಾಳಿ ಕಡಿಮೆ ಮಾಡಿದರೆ ಸಣ್ಣ ಬಿರುಕು ಮೆತ್ತಗೆನಿಸಬಹುದು, ಆದರೆ ಗುಂಡಿಯ ಪೆಟ್ಟು ಇನ್ನೂ ಕೆಟ್ಟದಾಗುತ್ತದೆ.

ಗಾಳಿ ಸರಿ ಇದೆ, ಈಗ ಸೈಜ್ ಓದಿ

ಟೈರಿನ ಮೇಲೆ 205/55 ಆರ್16 91ವಿ ಎಂದಿದೆ ಅನ್ನೋಣ. 205 ಎಂದರೆ ಅಗಲ, ಮಿಲಿಮೀಟರಿನಲ್ಲಿ. 55 ಎಂದರೆ ಬದಿಗೋಡೆಯ ಎತ್ತರ ಆ ಅಗಲದ ಶೇಕಡಾ 55. ಹಾಗಾಗಿ ಬದಿಗೋಡೆ ಸುಮಾರು 113 ಮಿ.ಮೀ. ಆರ್ ಎಂದರೆ ರೇಡಿಯಲ್ ಕಟ್ಟಣೆ, 16 ರಿಮ್‌ನ ವ್ಯಾಸ ಇಂಚಿನಲ್ಲಿ. 91 ಭಾರದ ಸೂಚಿ, ಒಂದು ಟೈರಿಗೆ 615 ಕೆ.ಜಿ. ವಿ ಎಂದರೆ ಗಂಟೆಗೆ 240 ಕಿ.ಮೀ. ವೇಗದ ಮಿತಿ.

ಈಗ ಒಂದೇ ಕಾರಿಗೆ ಹೊಂದುವ ನಾಲ್ಕು ಸೈಜ್ ನೋಡಿ. 195/65 ಆರ್15ರ ಬದಿಗೋಡೆ 127 ಮಿ.ಮೀ. 205/55 ಆರ್16ರದು 113. 225/45 ಆರ್17ರದು 101. 225/40 ಆರ್18ರದು 90. ಹೊರಗಿನ ಒಟ್ಟು ವ್ಯಾಸ ಮಾತ್ರ ನಾಲ್ಕರದ್ದೂ 632ರಿಂದ 637 ಮಿ.ಮೀ. ಒಳಗೇ ಇದೆ. ಅಂದರೆ ಚಕ್ರ ದೊಡ್ಡದಾಗಲಿಲ್ಲ. ಒಳಗಿನ ಲೋಹ ದೊಡ್ಡದಾಯಿತು, ಗಾಳಿ ಇರುವ ಜಾಗ ಚಿಕ್ಕದಾಯಿತು. ದೊಡ್ಡ ಚಕ್ರ ಗುಂಡಿಯನ್ನು ಸುಲಭವಾಗಿ ದಾಟುತ್ತದೆ ಎಂಬ ಮಾತು ನಿಜವೇ, ಆದರೆ ಅದು ಹೊರವ್ಯಾಸದ ಮಾತು. ರಿಮ್ ದೊಡ್ಡದು ಮಾಡಿ ಹೊರವ್ಯಾಸ ಹಾಗೇ ಇಟ್ಟರೆ ಆ ಲಾಭ ಸಿಗುವುದಿಲ್ಲ.

127ರಿಂದ 90ಕ್ಕೆ ಇಳಿದರೆ ಅಂಥಾದ್ದೇನು ಎನ್ನಿಸಬಹುದು. ಆದರೆ ಆ 90 ಮಿ.ಮೀ. ಪೂರ್ತಿ ನಿಮಗೆ ಸಿಗುವುದಿಲ್ಲ. ರಿಮ್‌ನ ಅಂಚು ಅದರೊಳಗೆ ಸುಮಾರು 17 ಮಿ.ಮೀ. ಮೇಲಕ್ಕೆ ಚಾಚಿರುತ್ತದೆ. ಕಾರಿನ ಭಾರಕ್ಕೆ ಟೈರ್ ಆಗಲೇ 20 ಮಿ.ಮೀ. ಆಸುಪಾಸು ಅಮುಕಿಕೊಂಡಿರುತ್ತದೆ. ನೆಲಕ್ಕೆ ತಾಗುವ ರಬ್ಬರ್ ಮತ್ತು ಅದರ ಕೆಳಗಿನ ಉಕ್ಕಿನ ಬೆಲ್ಟ್ ಸೇರಿ ಹತ್ತು ಹನ್ನೆರಡು ಮಿ.ಮೀ. ತಿನ್ನುತ್ತವೆ. ಕಳೆದು ನೋಡಿ. 18 ಇಂಚಿನ ಚಕ್ರದಲ್ಲಿ ಪೆಟ್ಟು ನುಂಗಲು ಉಳಿಯುವುದು 40 ಮಿ.ಮೀ. ಚಿಲ್ಲರೆ. 15 ಇಂಚಿನಲ್ಲಿ 78ರ ಹತ್ತಿರ. ಕಾಗದದ ಮೇಲೆ ಕಾಲು ಭಾಗಕ್ಕಿಂತ ಸ್ವಲ್ಪ ಹೆಚ್ಚು ಕಡಿಮೆಯಾದಂತೆ ಕಂಡದ್ದು ರಸ್ತೆಯ ಮೇಲೆ ಅರ್ಧಕ್ಕರ್ಧ ಕಡಿಮೆಯಾಗಿದೆ. ಒಂದು ಮುಷ್ಟಿ ಗಾತ್ರದ ಕಲ್ಲು ಎದುರಾದರೆ ಈ ವ್ಯತ್ಯಾಸ ಚೆನ್ನಾಗಿ ತಿಳಿಯುತ್ತದೆ.

ಇದರ ಜೊತೆಗೆ ತೂಕ. ದೊಡ್ಡ ರಿಮ್, ಅದೂ ಎರಕ ಹೊಯ್ದ ಅಗ್ಗದ ಅಲಾಯ್ ಆದರೆ, ಒಂದೊಂದು ಚಕ್ರಕ್ಕೆ ಕೆಲವು ಕೆ.ಜಿ. ಹೆಚ್ಚು ಬೀಳಬಹುದು. ಈ ತೂಕ ಸ್ಪ್ರಿಂಗ್‌ನ ಕೆಳಗಿದೆ. ಗುಂಡಿಯ ಅಂಚಿಗೆ ಬಡಿದು ಮೇಲೆ ಹಾರಿದ ಭಾರದ ಚಕ್ರವನ್ನು ಹಿಡಿದು ಕೆಳಗೆ ತರಲು ಶಾಕ್ ಹೆಚ್ಚು ಹೆಣಗಬೇಕು. ಒಂದರ ಹಿಂದೆ ಒಂದು ಗುಂಡಿ ಬರುವ ರಸ್ತೆಯಲ್ಲಿ ಗಡಗಡ ಎನ್ನಿಸುವುದು ಇದರಿಂದ. ಹಳೆಯ ಚಕ್ರ ಮತ್ತು ಹೊಸ ಚಕ್ರವನ್ನು ಟೈರ್ ಸಮೇತ ತಕ್ಕಡಿಯ ಮೇಲಿಟ್ಟು ನೋಡಿ. ಊಹೆಗಿಂತ ತೂಕ ನೋಡುವುದು ಒಳ್ಳೆಯದು.

ಸೈಜ್ ಅದೇ, ಆದರೂ ಒರಟು

ಅದೇ ಸೈಜಿನ ಹೊಸ ಟೈರ್ ಹಾಕಿಸಿದ ಮೇಲೆ ಕಾರು ಒರಟಾಯಿತು ಎನ್ನುವವರು ಬಹಳ. ಇದು ಭ್ರಮೆ ಏನಲ್ಲ. ಸೈಜ್ ಒಂದೇ ಇದ್ದರೂ ಟೈರಿನ ಒಳಗಿನ ಕಟ್ಟಣೆ ಬೇರೆ ಇರುತ್ತದೆ.

ಬದಿಯಲ್ಲಿ ಎಕ್ಸ್‌ಎಲ್ ಎಂಬ ಗುರುತು ಇದೆಯೇ ನೋಡಿ. ಹೆಚ್ಚು ಭಾರ ಹೊರುವ ಗಟ್ಟಿ ಟೈರ್ ಅದು. ಸಾಮಾನ್ಯ ಟೈರ್ ತನ್ನ ಪೂರ್ತಿ ಭಾರವನ್ನು ಸುಮಾರು 36 ಪಿಎಸ್‌ಐನಲ್ಲಿ ಹೊತ್ತರೆ, ಎಕ್ಸ್‌ಎಲ್ ಟೈರ್ ಹೊರುವುದು ಸುಮಾರು 42ರಲ್ಲಿ. ದೊಡ್ಡ ರಿಮ್‌ಗೆ ಹೋದಾಗ ಬಹುಪಾಲು ಇಂಥ ಟೈರೇ ಬರುತ್ತದೆ. ಒಳಗೆ ಗಾಳಿಯ ಜಾಗ ಕಡಿಮೆಯಾದಾಗ ಅದೇ ಭಾರ ಹೊರಲು ಒತ್ತಡ ಜಾಸ್ತಿ ಬೇಕಲ್ವಾ? ಹಾಗಾಗಿ ತೆಳು ಬದಿಗೋಡೆಯ ಜೊತೆಗೆ ಹೆಚ್ಚು ಗಾಳಿಯೂ ಸೇರಿ ಪೆಟ್ಟು ಇಮ್ಮಡಿಯಾಗುತ್ತದೆ.

ರನ್‌ಫ್ಲಾಟ್ ಟೈರ್ ಇದ್ದರಂತೂ ಹೆಚ್ಚು ಹುಡುಕುವುದೇ ಬೇಡ. ಗಾಳಿ ಪೂರ್ತಿ ಹೋದರೂ ಸಾಮಾನ್ಯವಾಗಿ ಗಂಟೆಗೆ 80 ಕಿ.ಮೀ. ಮೀರದ ವೇಗದಲ್ಲಿ ಸುಮಾರು 80 ಕಿ.ಮೀ. ಓಡಬೇಕು ಎಂದು ಅದರ ಬದಿಗೋಡೆಯನ್ನು ದಪ್ಪ ಮಾಡಿರುತ್ತಾರೆ. ಕಾರನ್ನೇ ಹೊರುವಷ್ಟು ಗಟ್ಟಿಯಾದ ಗೋಡೆ ಸಣ್ಣ ಬಿರುಕಿಗೆ ಬಾಗುವುದಿಲ್ಲ. ಸಾಮಾನ್ಯ ಟೈರಿಗೆ ಬದಲಿಸಿದರೆ ಹಾಯಾಗುತ್ತದೆ. ಆದರೆ ಅಂಥ ಕಾರಿನಲ್ಲಿ ಸ್ಟೆಪ್ನಿಗೆ ಜಾಗವೇ ಇರದಿರಬಹುದು. ಪಂಕ್ಚರ್ ಆದರೆ ಏನು ಮಾಡುವಿರಿ ಎಂದು ಮೊದಲೇ ಯೋಚಿಸಿ ಮುಂದುವರಿಯಿರಿ.

ಟೈರಿನ ವಯಸ್ಸೂ ಲೆಕ್ಕಕ್ಕೆ ಬರುತ್ತದೆ. ಬದಿಯಲ್ಲಿ ಡಾಟ್ (DOT) ಸಂಕೇತದ ಕೊನೆಯ ನಾಲ್ಕು ಅಂಕಿ ನೋಡಿ. 2319 ಎಂದಿದ್ದರೆ ಅದು 2019ರ 23ನೇ ವಾರದಲ್ಲಿ ತಯಾರಾದದ್ದು. ಕಡಿಮೆ ಓಡಿದ ಕಾರಿನಲ್ಲಿ ಟೈರ್ ಸವೆಯದೇ ಚೆನ್ನಾಗಿ ಕಾಣುತ್ತದೆ, ಆದರೆ ರಬ್ಬರ್ ವರ್ಷ ಕಳೆದಂತೆ ಗಟ್ಟಿಯಾಗುತ್ತದೆ. ಉಗುರಿನಿಂದ ಒತ್ತಿದರೆ ಒಳಗೆ ಹೋಗದ, ಸಣ್ಣ ಬಿರುಕು ಕಾಣುವ ಟೈರ್ ಕುಲುಕುವುದಷ್ಟೇ ಅಲ್ಲ, ಮಳೆಯಲ್ಲಿ ಹಿಡಿತವನ್ನೂ ಕೊಡುವುದಿಲ್ಲ. ಅದನ್ನು ಬದಲಿಸಿ.

ರಿಮ್‌ನ ಅಗಲವನ್ನು ಯಾರೂ ನೋಡುವುದಿಲ್ಲ. 205/55 ಆರ್16 ಟೈರಿಗೆ ಐದೂವರೆಯಿಂದ ಏಳೂವರೆ ಇಂಚಿನ ರಿಮ್ ಒಪ್ಪುತ್ತದೆ, ಟೈರಿನ ಅಗಲ ಅಳೆಯುವುದು ಆರೂವರೆ ಇಂಚಿನ ರಿಮ್ ಮೇಲೆ. ಅಗಲದ ರಿಮ್‌ಗೆ ಅದೇ ಟೈರನ್ನು ಎಳೆದು ಕೂರಿಸಿದರೆ ಬದಿಗೋಡೆ ಬಿಗಿದುಕೊಂಡು ನಿಲ್ಲುತ್ತದೆ. ಬಾಗುವ ಗುಣ ಕಡಿಮೆಯಾಗುತ್ತದೆ. ರಿಮ್‌ನ ಅಂಚಿಗೂ ರಕ್ಷಣೆ ಇರುವುದಿಲ್ಲ.

ಒಂದೇ ವೇಗದಲ್ಲಿ ಮಾತ್ರ ನಡುಗಿದರೆ

632 ಮಿ.ಮೀ. ವ್ಯಾಸದ ಚಕ್ರ ಗಂಟೆಗೆ 100 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ ಸುಮಾರು 14 ಸುತ್ತು ಸುತ್ತುತ್ತದೆ. ಸಸ್ಪೆನ್ಷನ್‌ಗೆ ಜೋತಿರುವ ಚಕ್ರ ತಾನಾಗಿ ಕುಣಿಯುವ ಲಯವೂ ಸೆಕೆಂಡಿಗೆ 10ರಿಂದ 15 ಸಲ. ಎರಡೂ ಕೂಡಿದಾಗ ಸಣ್ಣ ಅಸಮತೋಲ ದೊಡ್ಡ ನಡುಕವಾಗುತ್ತದೆ. 90ರಿಂದ 110ರ ನಡುವೆ ನಡುಕ ಬಂದು, ಅದಕ್ಕಿಂತ ಮೇಲೆ ಕಡಿಮೆಯಾಗುವುದು ಈ ಕಾರಣಕ್ಕೆ. ಸ್ಟೀರಿಂಗ್ ನಡುಗಿದರೆ ಸಾಮಾನ್ಯವಾಗಿ ಮುಂದಿನ ಚಕ್ರ, ಸೀಟು ನಡುಗಿದರೆ ಹಿಂದಿನದು.

ಮೊದಲು ಬ್ಯಾಲೆನ್ಸಿಂಗ್ ಮಾಡಿಸಿ, ಅಂದರೆ ಚಕ್ರದ ಸುತ್ತ ತೂಕ ಸಮ ಮಾಡಿಸಿ. ಯಂತ್ರದ ಮೇಲೆ ಚಕ್ರ ತಿರುಗುವಾಗ ಪಕ್ಕದಲ್ಲೇ ನಿಂತು ರಿಮ್‌ನ ಅಂಚು ನೋಡಿ. ಅಂಚು ಏರಿಳಿಯುತ್ತಿದ್ದರೆ ರಿಮ್ ಬೆಂಡ್ ಆಗಿದೆ. ಒಳಬದಿಯ ಅಂಚನ್ನು ವಿಶೇಷವಾಗಿ ನೋಡಿ, ಗುಂಡಿಯ ಪೆಟ್ಟಿಗೆ ಅದು ಬೇಗ ಬಾಗುತ್ತದೆ, ಹೊರಗಿನಿಂದ ಕಾಣುವುದೂ ಇಲ್ಲ. ತೂಕದ ತುಂಡು ಅಂಟಿಸಿ ಯಂತ್ರ ತೋರಿಸುವ ಬೆಂಡ್ ರಿಮ್‌ನ ಅಂಕಿಯನ್ನು ಸೊನ್ನೆಗೆ ತರಬಹುದು, ಆದರೆ ಅದು ದುಂಡಗಾಗುವುದಿಲ್ಲ.

ಕಂಪನಿಯದ್ದಲ್ಲದ, ಹೊರಗೆ ಕೊಂಡ ಅಲಾಯ್ ಆದರೆ ನಡುವಿನ ತೂತು ನೋಡಿ. ಹಲವು ಕಾರುಗಳಿಗೆ ಹೊಂದಲಿ ಎಂದು ಅದನ್ನು ದೊಡ್ಡದಾಗಿ ಕೊರೆದಿರುತ್ತಾರೆ. ಕಾರಿನಲ್ಲಿ ಚಕ್ರ ಕೂರುವ ಹಬ್‌ಗೂ ಆ ತೂತಿಗೂ ನಡುವೆ ಸರಿಯಾದ ಅಳತೆಯ ಉಂಗುರ ಇಲ್ಲದಿದ್ದರೆ ಚಕ್ರ ನಡುವಿಗೆ ಸರಿಯಾಗಿ ಕೂರದೇ ಇರಬಹುದು. ಬ್ಯಾಲೆನ್ಸಿಂಗ್ ಯಂತ್ರದ ಮೇಲೆ ಎಲ್ಲ ಸರಿ ಕಂಡು ಕಾರಿನಲ್ಲಿ ಮಾತ್ರ ನಡುಗುವ ಚಕ್ರಗಳ ಹಿಂದೆ ಬಹಳ ಸಲ ಈ ಉಂಗುರವೇ ಇರುತ್ತದೆ.

20ರಿಂದ 40 ಕಿ.ಮೀ. ವೇಗದಲ್ಲೇ ಕಾರು ತೂರಾಡಿದಂತಾದರೆ ತಡಮಾಡಬೇಡಿ. ಟೈರಿನೊಳಗಿನ ಬೆಲ್ಟ್ ಬಿಟ್ಟುಕೊಂಡಿರಬಹುದು. ಮೇಲ್ಮೈ ಮೇಲೆ ಕೈಯಾಡಿಸಿ ಉಬ್ಬು ಇದೆಯೇ ನೋಡಿ. ಬದಿಗೋಡೆಯಲ್ಲಿ ಗುಳ್ಳೆ ಎದ್ದಿದ್ದರೂ ಅಷ್ಟೇ. ಆ ಟೈರ್ ಮೇಲೆ ಹೆದ್ದಾರಿಗೆ ಹೋಗಬೇಡಿ. ಬಹಳ ದಿನ ನಿಂತ ಕಾರು ಮೊದಲ ಕೆಲವು ಕಿಲೋಮೀಟರ್ ದಡ್ ದಡ್ ಎನ್ನುವುದು ಬೇರೆ. ಟೈರ್ ಬಿಸಿಯಾದ ಮೇಲೆ ಅದು ಸಾಮಾನ್ಯವಾಗಿ ತಾನೇ ಹೋಗುತ್ತದೆ.

ಖಾತ್ರಿಯಾಗಲು ಚಕ್ರ ಬದಲಿಸಿ ಓಡಿಸಿ

ಇಷ್ಟರ ಮೇಲೂ ಅನುಮಾನ ಉಳಿದರೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ನನಗೆ ಗೊತ್ತಿಲ್ಲ. ಅದೇ ಮಾದರಿಯ ಕೆಳಗಿನ ಆವೃತ್ತಿಗೆ ಕಂಪನಿಯೇ ಚಿಕ್ಕ ರಿಮ್ ಕೊಟ್ಟಿರುತ್ತದೆ. ಪರಿಚಯದವರಲ್ಲಿ ಯಾರ ಬಳಿಯಾದರೂ ಆ ಕಾರು ಇದ್ದರೆ ನಾಲ್ಕು ಚಕ್ರವನ್ನೂ ಒಂದು ದಿನಕ್ಕೆ ಅದಲುಬದಲು ಮಾಡಿ. ಬೋಲ್ಟ್‌ಗಳ ಸಂಖ್ಯೆ, ಅವುಗಳ ವೃತ್ತದ ಅಳತೆ, ನಡುವಿನ ತೂತು ಒಂದೇ ಇರಬೇಕು. ನಟ್ ಬಿಗಿಯುವ ಮೊದಲು ಚಕ್ರವನ್ನು ಕೈಯಿಂದ ಪೂರ್ತಿ ಒಂದು ಸುತ್ತು ತಿರುಗಿಸಿ, ಬ್ರೇಕ್ ಕ್ಯಾಲಿಪರ್‌ಗೆ ರಿಮ್ ತಾಗುತ್ತಿಲ್ಲ ಎಂದು ನೋಡಿ. ಗಾಳಿಯನ್ನು ಆ ಸೈಜಿಗೆ ಹೇಳಿದ ಅಂಕಿಗೆ ತಂದು, ಅದೇ ರಸ್ತೆಯಲ್ಲಿ ಅದೇ ವೇಗದಲ್ಲಿ ಓಡಿಸಿ.

ಟಪ್ ಟಪ್ ಹೋಗಿದ್ದರೆ ಉತ್ತರ ಸಿಕ್ಕಿತು. ಹೋಗದಿದ್ದರೆ ಹೊಸ ಟೈರಿಗೆ ಹಾಕಬೇಕೆಂದಿದ್ದ ದುಡ್ಡು ಉಳಿಯಿತು. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಚಕ್ರ, ಶಾಕ್, ಬುಷ್ ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತು ಎಂದು ಎಂದೂ ತಿಳಿಯುವುದಿಲ್ಲ.

ಸೈಜ್ ಇಳಿಸುವುದಾದರೆ

ನನ್ನನ್ನು ಕೇಳಿದರೆ ದಿನವೂ ಕೆಟ್ಟ ರಸ್ತೆಯಲ್ಲಿ ಓಡುವ ಕಾರಿಗೆ ಕಂಪನಿ ಒಪ್ಪಿದ ಸೈಜ್‌ಗಳಲ್ಲಿ ಅತಿ ಚಿಕ್ಕ ರಿಮ್ ಇರುವುದನ್ನೇ ಆರಿಸುತ್ತೇನೆ. ಟೈರ್ ಅಗ್ಗ, ರಿಮ್ ಬಾಗುವ ಭಯ ಕಡಿಮೆ, ಮೈಕೈ ನೋವೂ ಕಡಿಮೆ. ಬದಲಿಗೆ ಬಿಟ್ಟುಕೊಡುವುದೂ ಇದೆ. ಸ್ಟೀರಿಂಗ್ ತಿರುಗಿಸಿದಾಗ ಕಾರು ಒಂದು ಕ್ಷಣ ತಡವಾಗಿ ತಿರುಗುತ್ತದೆ, ವೇಗದ ತಿರುವಿನಲ್ಲಿ ಸ್ವಲ್ಪ ಮೆತ್ತಗೆನಿಸುತ್ತದೆ. ಚುರುಕಾದ ತಿರುವನ್ನು ಪ್ರೀತಿಸುವವರಿಗೆ ಇದು ನಷ್ಟವೇ.

ಭಾರದ ಸೂಚಿ ಮತ್ತು ವೇಗದ ಅಕ್ಷರ ಕಂಪನಿ ಹೇಳಿದ್ದಕ್ಕಿಂತ ಕೆಳಗಿರಬಾರದು. ಚಕ್ರ ಎಷ್ಟು ಒಳಗೆ ಅಥವಾ ಹೊರಗೆ ಕೂರುತ್ತದೆ ಎಂದು ಹೇಳುವ, ರಿಮ್ ಮೇಲೆ ಇಟಿ (ET) ಎಂದು ಬರೆದಿರುವ ಆಫ್‌ಸೆಟ್ ಅಂಕಿ ಮೂಲ ಚಕ್ರದ್ದಕ್ಕೆ ಹತ್ತಿರ ಇರಲಿ. ಅದು ತುಂಬಾ ಕಡಿಮೆಯಾದರೆ ಚಕ್ರ ಹೊರಗೆ ಚಾಚಿ ಬೇರಿಂಗ್ ಮೇಲೆ ಭಾರ ಬೀಳುತ್ತದೆ, ಪ್ರತಿ ಗುಂಡಿಗೂ ಸ್ಟೀರಿಂಗ್ ಕೈಯಲ್ಲಿ ಜಗ್ಗುತ್ತದೆ.

ರಿಮ್ ಹಾಗೇ ಇಟ್ಟು ಟೈರ್ ಮಾತ್ರ ಎತ್ತರಿಸುವವರೂ ಇದ್ದಾರೆ. 205/55 ಆರ್16 ಬದಲು 205/60 ಆರ್16 ಹಾಕಿದರೆ ಬದಿಗೋಡೆ 10 ಮಿ.ಮೀ. ಹೆಚ್ಚುತ್ತದೆ, ಮೆತ್ತಗಾಗುವುದೂ ನಿಜ. ಆದರೆ ಹೊರವ್ಯಾಸ ಶೇಕಡಾ 3ಕ್ಕಿಂತ ಹೆಚ್ಚು ಬೆಳೆಯುತ್ತದೆ. ಚಕ್ರ ಮೊದಲಿಗಿಂತ ಅಷ್ಟು ಹೆಚ್ಚು ದೂರ ಉರುಳುವುದರಿಂದ ಮೀಟರ್ ತೋರಿಸುವುದು ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ. ಸ್ಟೀರಿಂಗನ್ನು ಪೂರ್ತಿ ತಿರುಗಿಸಿ, ಕಾರಿನಲ್ಲಿ ಪೂರ್ತಿ ಜನ ಕೂರಿಸಿ, ಟೈರ್ ಎಲ್ಲಿಯೂ ಉಜ್ಜುತ್ತಿಲ್ಲ ಎಂದು ಖಚಿತ ಮಾಡಿಕೊಳ್ಳದೆ ಇದಕ್ಕೆ ಹೋಗಬೇಡಿ.

ಟೈರ್ ಸರಿ ಇದೆ ಎಂದಾದರೆ

ಮೂಲ ಸೈಜ್, ಸರಿಯಾದ ಗಾಳಿ, ಹಳತಲ್ಲದ ರಬ್ಬರ್, ದುಂಡನೆಯ ರಿಮ್. ಇಷ್ಟಿದ್ದೂ ಒರಟಾಗಿದ್ದರೆ ಈಗ ಸಸ್ಪೆನ್ಷನ್‌ಗೆ ಕೈ ಹಾಕುವ ಹೊತ್ತು. ಶಾಕ್ ಮೇಲೆ ಎಣ್ಣೆ ಸೋರಿದ ಗುರುತು ಇದೆಯೇ? ಸಸ್ಪೆನ್ಷನ್ ಪೂರ್ತಿ ಕುಸಿದಾಗ ಪೆಟ್ಟು ತಡೆಯುವ ಬಂಪ್ ಸ್ಟಾಪ್ ಪುಡಿಯಾಗಿದೆಯೇ? ಬುಷ್‌ನ ರಬ್ಬರ್ ಸೀಳಿದೆಯೇ? ಯಾರಾದರೂ ಎತ್ತರ ಕಡಿಮೆ ಮಾಡುವ ಸ್ಪ್ರಿಂಗ್ ಹಾಕಿದ್ದಾರೆಯೇ? ಬಾನೆಟ್ ಒತ್ತಿ ಬಿಟ್ಟು ನೋಡುವ ಪರೀಕ್ಷೆಯಲ್ಲಿ ಪೂರ್ತಿ ಸತ್ತ ಶಾಕ್ ಮಾತ್ರ ಸಿಕ್ಕಿಬೀಳುತ್ತದೆ. ಅರ್ಧ ಸೋತದ್ದು ಪಾಸಾಗಿಬಿಡುತ್ತದೆ. ಗ್ಯಾರೇಜಿಗೆ ಹೋದಾಗ "ಕುಲುಕುತ್ತೆ" ಎಂದಷ್ಟೇ ಹೇಳಬೇಡಿ. ಯಾವ ವೇಗ, ಯಾವ ಥರದ ರಸ್ತೆ, ಯಾವ ಮೂಲೆ, ಎಷ್ಟು ಗಾಳಿ, ಚಕ್ರ ಬದಲಿಸಿದಾಗ ಏನಾಯಿತು, ಇಷ್ಟನ್ನು ಬರೆದುಕೊಂಡು ಹೋಗಿ ಮೆಕ್ಯಾನಿಕ್ ಕೈಗೆ ಕೊಡಿ. ಆಮೇಲೆ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಅದೇ ರಸ್ತೆಯಲ್ಲಿ ಒಂದು ಸುತ್ತು ಹೋಗಿ ಬನ್ನಿ.